ಅಮೀರ್‌ಬಾಯಿ ಕರ್ನಾಟಕಿ: ಹೆಸರಲ್ಲೇ ನಾಡನ್ನು ಹೊತ್ತ ಗಾಯಕಿ

1943ರಲ್ಲಿ ತೆರೆಕಂಡ ‘ಕಿಸ್ಮತ್’ ಕೊಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದರಲ್ಲಿನ ‘ದೂರ್ ಹಟೋ’ ಹಾಡು ಸ್ವಾತಂತ್ರ್ಯ ಚಳವಳಿಯ ಕಾಲದ ಜನರ ಬಾಯಲ್ಲಿತ್ತು. ಮೇಲ್ನೋಟಕ್ಕೆ ಜರ್ಮನಿ, ಜಪಾನ್ ವಿರುದ್ಧದ ಹಾಡು. ಆದರೆ ಯಾರನ್ನು ದೂರ ಹೋಗು ಅಂತಿದ್ದಾರೆ ಎಂಬುದು ಕೇಳಿದವರಿಗೆಲ್ಲ ಗೊತ್ತಿತ್ತು. ಕವಿ ಪ್ರದೀಪ್ ಬರೆದು, ಅನಿಲ್ ಬಿಸ್ವಾಸ್ ರಾಗ ಹಾಕಿದ ಆ ಹಾಡಿನ ಹೆಣ್ಣುದನಿ ಬೀಳಗಿಯ ಅಮೀರ್‌ಬಾಯಿಯದು.

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗ ಬಿಜಾಪುರ ಜಿಲ್ಲೆ, ಮುಂಬೈ ಪ್ರಾಂತ್ಯ. ಅಲ್ಲಿನ ಸಂಗೀತಗಾರ ಮುಸ್ಲಿಂ ಕುಟುಂಬದ ಅಕ್ಕ ತಂಗಿ, ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಯಾದರು. ಅಮೀರ್‌ಬಾಯಿ ಮುಂಬೈಗೆ ಹೋಗಿ 1934ರ ‘ವಿಷ್ಣುಭಕ್ತಿ’ಯಿಂದ ಸಿನಿಮಾ ಸೇರಿದರು. ಇಬ್ಬರೂ ಹೆಸರಿನ ಜೊತೆ ‘ಕರ್ನಾಟಕಿ’ ಅಂತ ಇಟ್ಟುಕೊಂಡರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅಷ್ಟೊತ್ತಿಗೆ ಅಮೀರ್‌ಬಾಯಿ ತೀರಿ ಎಂಟು ವರ್ಷವಾಗಿತ್ತು!

1944ರಲ್ಲಿ ನೌಷಾದ್ ಸಂಗೀತದ ‘ರತನ್’ ಬಂತು. ಅಮೀರ್‌ಬಾಯಿಯ ಹಾಡುಗಳು ಮತ್ತೆ ಮನೆಮಾತಾದವು. ‘ರಾಣಕದೇವಿ’ ಎಂಬ ಗುಜರಾತಿ ಚಿತ್ರದಲ್ಲೂ ಹಾಡಿದರು. ಹೆಚ್ಚು ಜನ ಮರೆತ ಸಂಗತಿ ಬೇರೆಯೇ ಇದೆ. 1948ರ ‘ಶೆಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನೀಡಿದರು. ಹೆಂಗಸರು ರಾಗ ಸಂಯೋಜನೆ ಮಾಡುವುದು ಆಗ ತೀರಾ ಅಪರೂಪ. ಸರಸ್ವತಿ ದೇವಿ, ಜದ್ದನ್‌ಬಾಯಿ ಹೀಗೆ ಬೆರಳೆಣಿಕೆಯ ಹೆಸರುಗಳಷ್ಟೇ. ಮುಹಮ್ಮದ್ ರಫಿಯ ಹಾಡು ಕೇಳುವ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ? ಆ ರಫಿಯನ್ನು ಈ ಚಿತ್ರದಲ್ಲಿ ಹಾಡಿಸಿದ್ದು ಬೀಳಗಿಯ ಹೆಣ್ಣುಮಗಳು ಅಂದರೆ ಎಷ್ಟು ಮಂದಿ ನಂಬುತ್ತಾರೆ!

ಮನೆಯ ಬದುಕು ಮಾತ್ರ ಸುಖದ್ದಾಗಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಹಿಂಸೆಯಲ್ಲೇ ಮುಗಿಯಿತು. 1949ರ ಹೊತ್ತಿಗೆ ಲತಾ ಮಂಗೇಶ್ಕರ್ ಅವರ ತೆಳುವಾದ, ಎತ್ತರದ ದನಿ ಚಿತ್ರರಂಗವನ್ನು ಆವರಿಸಿತು. ಅಮೀರ್‌ಬಾಯಿಯಂಥ ಗಟ್ಟಿ ಕಂಠದವರಿಗೆ ಹಾಡು ಕಡಿಮೆಯಾಯಿತು, ಪೋಷಕ ಪಾತ್ರಗಳು ಉಳಿದವು. 1965ರಲ್ಲಿ ನಿಧನರಾದರು.

ಅವರನ್ನು ಮರೆಯಲು ದನಿಯೊಂದೇ ಕಾರಣವಲ್ಲ. ಹೆಸರಿನ ಕೊನೆಗೆ ‘ಬಾಯಿ’ ಇದ್ದ ಹಾಡುಗಾರ್ತಿಯರ ಹಾಡು ಎಲ್ಲರಿಗೂ ಬೇಕಿತ್ತು, ಅವರನ್ನು ನಮ್ಮವರು ಅನ್ನೋಕೆ ಮಾತ್ರ ಮುಜುಗರ. ಮುಸ್ಲಿಮರೂ ಅನ್ನಲಿಲ್ಲ, ಕನ್ನಡಿಗರೂ ಅನ್ನಲಿಲ್ಲ. ಲೇಖಕ ರಹಮತ್ ತರೀಕೆರೆ ಊರೂರು ಅಲೆದು ಕಲೆಹಾಕಿದ ವಿವರಗಳಿಂದ ಬರೆದ ‘ಅಮೀರ್‌ಬಾಯಿ ಕರ್ನಾಟಕಿ’ ಪುಸ್ತಕ ಬಂದ ಮೇಲೆ ಕನ್ನಡದಲ್ಲಿ ಈ ಬದುಕಿನ ಮಾತು ಮತ್ತೆ ಶುರುವಾಯಿತು. ವಿಜಯಪುರದ ಹಳಬರಿಗಾದರೆ ‘ಅಮೀರ್ ಟಾಕೀಸ್’ ಅಂದರೆ ಸಾಕು, ಅದು ಯಾರ ಹೆಸರು ಅಂತ ಅವರೇ ಹೇಳುತ್ತಾರೆ.