ಬಿದ್ದವರು ಎದ್ದು ಬರುವ ಸಿನಿಮಾಗಳು

ಭಾನುವಾರ ಮಧ್ಯಾಹ್ನ ಚಿಕ್ಕಬಾಣಾವರದಲ್ಲಿ ಕರೆಂಟ್ ಇರಲಿ ಬಿಡಲಿ, ನಮ್ಮ ವಠಾರದ ಮಹಡಿ ರೂಮಿನಲ್ಲಿ ಸಿನಿಮಾ ಇದ್ದೇ ಇರುತ್ತದೆ. ಅಕ್ಕಿ ಡಬ್ಬಿಗೆ ಒರಗಿಸಿಟ್ಟ ಒಂದು ಮೊಬೈಲು, ಅದರ ಸುತ್ತ ಆರೇಳು ತಲೆ. ಪೀಣ್ಯದಲ್ಲಿ ಮೆಷಿನ್ ಓಡಿಸುವವರು, ಗಾರ್ಮೆಂಟ್ಸ್‌ನಲ್ಲಿ ಪ್ಯಾಕಿಂಗ್ ಮಾಡುವವರು, ಒಡಿಶಾದ ಒಬ್ಬ ವೆಲ್ಡರ್, ಸುದ್ದಿ ಇಲ್ಲದ ದಿನ ನಾವು. ಹೊಸ ಸಿನಿಮಾ ಹಾಕಿದರೆ ಅರ್ಧಕ್ಕೇ ಒಬ್ಬೊಬ್ಬರಾಗಿ ಎದ್ದು ಬಟ್ಟೆ ಒಗೆಯಲು ಹೋಗುತ್ತಾರೆ. ಟೈಗರ್ ಪ್ರಭಾಕರ್ ಅವರದ್ದೋ, ಸಾಯಿಕುಮಾರ್ ಅವರದ್ದೋ, ಮಾಲಾಶ್ರೀ ಅವರದ್ದೋ ಹಳೇದೊಂದು ಹಾಕಿದರೆ ಮುಗಿಯುವ ತನಕ ಯಾರೂ ಅಲ್ಲಾಡುವುದಿಲ್ಲ.

ಆ ಸಿನಿಮಾಗಳು ಹೇಗಿರುತ್ತವೆ ಎಂದು ನಿಮಗೂ ಗೊತ್ತು. ಹೀರೋ ಒಮ್ಮೆ ಒದ್ದರೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಹಾರುತ್ತಾರೆ. ಸಂತೆಯಲ್ಲಿ ಮಡಕೆ ಜೋಡಿಸಿಟ್ಟಿದ್ದಾರೆ ಎಂದರೆ ಯಾರೋ ಅದರ ಮೇಲೆ ಬೀಳುವವರಿದ್ದಾರೆ ಎಂದೇ ಅರ್ಥ. ರಿವಾಲ್ವರ್‌ನಲ್ಲಿ ಗುಂಡು ಮುಗಿಯುವುದಿಲ್ಲ. ಹಳ್ಳಕ್ಕೆ ಉರುಳಿದ ಕಾರು ಬೆಂಕಿ ಹತ್ತದೆ ಸುಮ್ಮನಿರುವುದಿಲ್ಲ. ಇದು ಹೇಗೆ ಸಾಧ್ಯ ಎಂದು ಕೇಳಿದವನಿಗೆ ನಮ್ಮ ರೂಮಿನಲ್ಲಿ ಟೀ ಇಲ್ಲ.

ಜರ್ನಲಿಸಂ ಡಿಪ್ಲೊಮಾ ಓದುವಾಗ ನಾವು ಈ ರುಚಿಯನ್ನು ಮುಚ್ಚಿಟ್ಟುಕೊಂಡಿದ್ದೆವು. ತರಗತಿಯಲ್ಲಿ 'ಸಂಸ್ಕಾರ', 'ಘಟಶ್ರಾದ್ಧ'ದ ಬಗ್ಗೆ ಮಾತು. ರಾತ್ರಿ ಹಾಸ್ಟೆಲಿನಲ್ಲಿ 'ಪೊಲೀಸ್ ಸ್ಟೋರಿ'. 'ತಲೆ ಬದಿಗಿಟ್ಟು ನೋಡೋ ಸಿನಿಮಾ' ಎಂದು ನಾವೇ ನಕ್ಕು ತಪ್ಪಿಸಿಕೊಳ್ಳುತ್ತಿದ್ದೆವು. ಈಗ ಆ ನಾಚಿಕೆ ಇಲ್ಲ. ಈ ಹೊಡೆದಾಟಕ್ಕೂ ಒಂದು ಚರಿತ್ರೆ ಇದೆ, ಅದರ ಒಂದು ತುದಿ ನಮ್ಮ ಊರಿನ ಸುತ್ತಲೇ ಇದೆ.

ಬೆಂಗಳೂರಿಗೆ ಸಾಹಸ ಚಿತ್ರ ಹೊಸದಲ್ಲ. ಕನ್ನಡದ ಮೊದಲ ಮಾತಿನ ಚಿತ್ರವಾಗಿ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಅದಕ್ಕೂ ಮೊದಲು, 1930ರ ಆಸುಪಾಸಿನಲ್ಲಿ, ಸೂರ್ಯ ಫಿಲಂ ಕಂಪನಿ ಎಂಬ ಸಂಸ್ಥೆ ಇಲ್ಲೇ ಕುದುರೆ, ಕತ್ತಿಗಳ ಮೂಕಿ ಚಿತ್ರಗಳನ್ನು ತಯಾರಿಸುತ್ತಿತ್ತು. 1935ರಲ್ಲಿ ಮುಂಬೈಯಲ್ಲಿ ನಾಡಿಯಾ ಎಂಬ ನಟಿ ಚಾಟಿ ಹಿಡಿದು 'ಹಂಟರ್‌ವಾಲಿ' ಆದರು. ಅಂದರೆ ನಮ್ಮ ಮಾಲಾಶ್ರೀ ಅವರು ಖಾಕಿ ತೊಟ್ಟು ಒದೆಯುವುದಕ್ಕೆ ಎಷ್ಟೋ ಮೊದಲೇ ಈ ದೇಶದ ಜನ ಹೆಣ್ಣು ಹೊಡೆಯುವುದಕ್ಕೆ ಸಿಳ್ಳೆ ಹಾಕಿದ್ದರು.

ನಮ್ಮ ಕಡೆ ಮೊದಲು ಹೊಡೆದಾಟ ಎಂದರೆ ಗರಡಿ ಮನೆ. ಕನ್ನಡ ಸಿನಿಮಾಕ್ಕೂ ಗರಡಿಯಿಂದ ಜನ ಬಂದರು. ಮೈಸೂರಿನ ಎಂ.ಪಿ. ಶಂಕರ್ ಕುಸ್ತಿ ಆಡಿಯೇ ಬೆಳೆದವರು. ಅವರ 'ಕಾಡಿನ ರಹಸ್ಯ' (1969) ಚಿತ್ರದಲ್ಲಿ ಒಬ್ಬ ಎತ್ತರದ ಹುಡುಗ ಮೊದಲ ಬಾರಿಗೆ ಕಾಣಿಸಿಕೊಂಡ. ಆ ಹುಡುಗನೇ ಪ್ರಭಾಕರ್.

ಆದರೆ ಲಾಜಿಕ್ ಬೇಡ ಎಂಬ ಸಂತೋಷವನ್ನು ಕನ್ನಡಕ್ಕೆ ಸೂಟು ಬೂಟು ಹಾಕಿ ತಂದವರು ದೊರೈ-ಭಗವಾನ್ ಜೋಡಿ. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಜೇಮ್ಸ್ ಬಾಂಡ್ ಅನ್ನು ನೋಡಿಯೇ ಮಾಡಿದ್ದು, ಅದನ್ನು ಯಾರೂ ಮುಚ್ಚಿಡಲಿಲ್ಲ. 'ಜೇಡರ ಬಲೆ'ಯಲ್ಲಿ ಕಳ್ಳರು ಬೆನ್ನು ಹತ್ತುವುದು ಲೋಹವನ್ನು ಚಿನ್ನ ಮಾಡುವ ಸೂತ್ರಕ್ಕೆ! ದಿನಾ ಎಂಟು ಗಂಟೆ ಕಬ್ಬಿಣ ಕೊರೆಯುವ ನಮ್ಮ ರೂಮಿನ ಹುಡುಗರು ಈ ಭಾಗ ಬಂದಾಗ ಬಿದ್ದು ಬಿದ್ದು ನಕ್ಕಿದ್ದನ್ನು ನಾವು ನೋಡಿದ್ದೇವೆ. 'ನಮ್ ಸೂಪರ್‌ವೈಸರ್‌ಗೆ ಹೇಳ್ಬೇಡ ಗುರು, ನಾಳೆಯಿಂದ ಅದಕ್ಕೂ ಟಾರ್ಗೆಟ್ ಹಾಕ್ತಾನೆ' ಎಂದ ಒಬ್ಬ.

ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ್ದು 1970ರ ದಶಕದ ಕೊನೆಯಿಂದ. ತುಮಕೂರು, ಮಂಡ್ಯ, ಹಾಸನ ಕಡೆಯಿಂದ ಹುಡುಗರು ಬಂದು ರೂಮು ಹಿಡಿದರು. ಹೀರೋಗಳ ಕೈ ಭಾರವಾದದ್ದೂ ಅದೇ ಕಾಲದಲ್ಲಿ. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಅಂತ' ಬಂತು. ಅಂಬರೀಷ್ ಇನ್‌ಸ್ಪೆಕ್ಟರೂ ಹೌದು, ಕನ್ವರ್‌ಲಾಲ್ ಕೂಡ ಹೌದು. ಅದರಲ್ಲಿನ ಹಿಂಸೆಯ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. 1982ರಲ್ಲಿ ಜೋ ಸೈಮನ್ ಅವರ 'ಸಾಹಸಸಿಂಹ' ಬಂತು. ಚಿತ್ರದ ಹೆಸರೇ ವಿಷ್ಣುವರ್ಧನ್ ಅವರಿಗೆ ಬಿರುದಾಗಿ ಕೊನೆಯವರೆಗೂ ಉಳಿಯಿತು. ಫ್ಯಾಕ್ಟರಿಗೂ ಈ ಸಿನಿಮಾಗಳಿಗೂ ನೇರ ಸಂಬಂಧ ಇತ್ತು ಎಂದು ನಾವು ಹೇಳುತ್ತಿಲ್ಲ. ಆದರೆ ವಾರಕ್ಕೆ ಆರು ದಿನ ಬೈಸಿಕೊಂಡವನು ಏಳನೇ ದಿನ ಯಾರಾದರೂ ಯಾರಿಗಾದರೂ ಬಾರಿಸುವುದನ್ನು ನೋಡಲು ಬಯಸಿದರೆ ಆಶ್ಚರ್ಯವೇನಿದೆ?

ನೋಡಲು ಹೋಗುವುದೂ ಸುಲಭವಿತ್ತು. ಚಿಕ್ಕಬಾಣಾವರದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದರೆ ಯಶವಂತಪುರ, ಮಲ್ಲೇಶ್ವರ, ಆಮೇಲೆ ಮೆಜೆಸ್ಟಿಕ್. ಸ್ಟೇಷನ್ನಿನಿಂದ ಹೊರಗೆ ಬಂದರೆ ಗಾಂಧಿನಗರ, ಕೆ.ಜಿ. ರಸ್ತೆ. ಕಪಾಲಿ, ನರ್ತಕಿ, ಸಂತೋಷ್, ತ್ರಿಭುವನ್, ಸಾಲುಸಾಲು ಥಿಯೇಟರು. ಕಪಾಲಿಯನ್ನು 2017ರಲ್ಲಿ ಕೆಡವಿದರು. ಹಳ್ಳಿಯಲ್ಲಿದ್ದವರಿಗೆ ಟೆಂಟು, ಜಾತ್ರೆಯ ಟೂರಿಂಗ್ ಟಾಕೀಸು. ನಮ್ಮ ವಯಸ್ಸಿನವರಿಗೆ 1994ರಲ್ಲಿ ಶುರುವಾದ ಉದಯ ಟಿವಿ. ಉಪೇಂದ್ರ ನಿರ್ದೇಶಿಸಿದ 'ಓಂ' (1995) ಮಾತ್ರ ಬೇರೆ ಜಾತಿ. ಅದನ್ನು ಟಿವಿಗೆ ಕೊಡದೆ ವರ್ಷಗಟ್ಟಲೆ ಥಿಯೇಟರಿನಲ್ಲೇ ಮತ್ತೆ ಮತ್ತೆ ಹಾಕಿದರು, ನೂರಾರು ಸಲ. ಜನವೂ ಬಂದರು.

ನಿಜವಾದ ಮನುಷ್ಯರೇ ಸಿನಿಮಾಕ್ಕೆ ಹೋಗಿ ವಾಪಸ್ ಬಂದ ಕಥೆ ಬೇಕೆಂದರೆ ಸಾಂಗ್ಲಿಯಾನ ಅವರದ್ದಿದೆ. ಎಚ್.ಟಿ. ಸಾಂಗ್ಲಿಯಾನ ಮಿಜೋರಾಂನಿಂದ ಬಂದ ಐಪಿಎಸ್ ಅಧಿಕಾರಿ. ಅವರು ಇನ್ನೂ ಕೆಲಸದಲ್ಲಿದ್ದಾಗಲೇ, 1988ರಲ್ಲಿ, ಪಿ. ನಂಜುಂಡಪ್ಪ ಅವರ ಹೆಸರಿನಲ್ಲೇ ಚಿತ್ರ ಮಾಡಿದರು. ಶಂಕರ್‌ನಾಗ್ ವೇಷ ಮರೆಸಿಕೊಂಡು ಕಳ್ಳರನ್ನು ಹಿಡಿದರು. 1990ರಲ್ಲಿ ಎರಡನೇ ಭಾಗ ಬಂತು. ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ಶಂಕರ್‌ನಾಗ್ ಹೋದರು. ಆಗ ಅವರಿಗೆ 35 ವರ್ಷ. ತೆರೆಯ ಸಾಂಗ್ಲಿಯಾನ ಹೋದರೂ ನಿಜವಾದ ಸಾಂಗ್ಲಿಯಾನ 2004ರಲ್ಲಿ ನಮ್ಮ ಬೆಂಗಳೂರು ಉತ್ತರದಿಂದ ಲೋಕಸಭೆಗೆ ನಿಂತು, ಜಾಫರ್ ಷರೀಫ್ ಅವರಂಥವರನ್ನೇ ಸೋಲಿಸಿದರು. ಎಷ್ಟು ವೋಟು ಅಧಿಕಾರಿಗೆ, ಎಷ್ಟು ವೋಟು ಶಂಕರಣ್ಣನಿಗೆ ಬಿತ್ತೋ ಎಣಿಸಿದವರಿಲ್ಲ.

1996ರಲ್ಲಿ ಥ್ರಿಲ್ಲರ್ ಮಂಜು ನಿರ್ದೇಶನದ 'ಪೊಲೀಸ್ ಸ್ಟೋರಿ' ಬಂತು. ಸಾಯಿಕುಮಾರ್ ಆವರೆಗೆ ತೆಲುಗಿನಲ್ಲಿ ಬೇರೆಯವರಿಗೆ ಕಂಠ ಕೊಡುವುದಕ್ಕೇ ಹೆಚ್ಚು ಹೆಸರಾಗಿದ್ದವರು. ಇಲ್ಲಿ ಅವರೇ ಇನ್‌ಸ್ಪೆಕ್ಟರ್ ಅಗ್ನಿ. ಉಸಿರು ತೆಗೆದುಕೊಳ್ಳದೆ ಪುಟಗಟ್ಟಲೆ ಬೈಯುತ್ತಿದ್ದರೆ ವಿಲನ್‌ಗೆ ಅರ್ಧ ಏಟು ಬಾಯಲ್ಲೇ ಬಿದ್ದಂತೆ. ನಮ್ಮ ರೂಮಿನ ಒಡಿಶಾದ ವೆಲ್ಡರ್‌ಗೆ ಕನ್ನಡ ಅಷ್ಟಕ್ಕಷ್ಟೇ. ಆದರೂ ಅವನಿಗೆ ಅಗ್ನಿ ಎಂದರೆ ಪ್ರಾಣ. 'ಸಮಜ್ ಮೇ ನಹೀ ಆತಾ, ಲೇಕಿನ್ ಗುಸ್ಸಾ ಆತಾ ಹೈ' ಎನ್ನುತ್ತಾನೆ. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾವು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಈ ಫೈಟುಗಳನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ಹೇಳಬೇಕು. ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರ ಹಿಡಿಯುತ್ತದೆ. ಫೈಟ್ ತೆಗೆಯುವಾಗ 18 ಅಥವಾ 20ಕ್ಕೆ ಇಳಿಸಿ, ತೋರಿಸುವಾಗ 24ರಲ್ಲೇ ಓಡಿಸಿದರೆ ಕೈಕಾಲು ಮಿಂಚಿನಂತೆ ಓಡುತ್ತವೆ. ಹಳೇ ಸಿನಿಮಾದಲ್ಲಿ ಹೀರೋ ನಡಿಗೆ ಒಮ್ಮೊಮ್ಮೆ ಕುಪ್ಪಳಿಸಿದಂತೆ ಕಾಣುವುದು ಇದೇ ಕಾರಣಕ್ಕೆ. ಮುಷ್ಟಿ ಮುಖಕ್ಕೆ ತಾಗುವುದಿಲ್ಲ, ನಾಲ್ಕು ಬೆರಳು ದೂರದಲ್ಲೇ ಹೋಗುತ್ತದೆ. ಕ್ಯಾಮೆರಾ ಬೆನ್ನ ಹಿಂದೆ ನಿಂತರೆ ತಾಗಿದಂತೆ ಕಾಣುತ್ತದೆ. 'ಡಿಶುಂ' ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಾರೆ. ಮೇಲಿಂದ ಬೀಳುವವನಿಗೆ ಕೆಳಗೆ ಖಾಲಿ ರಟ್ಟಿನ ಡಬ್ಬ, ಅದರ ಮೇಲೆ ಹಾಸಿಗೆ. ಗೋಡೆ ಥರ್ಮಾಕೋಲಿನದ್ದು.

ಇಷ್ಟೆಲ್ಲ ಸುಳ್ಳು. ಬೀಳುವುದು ಮಾತ್ರ ನಿಜ. ಡಬ್ಬದ ಮೇಲಾದರೂ ಇಪ್ಪತ್ತು ಅಡಿಯಿಂದ ಒಬ್ಬ ಮನುಷ್ಯ ಬೀಳಲೇಬೇಕು. ಈಗ ಹಗ್ಗ ಕಟ್ಟಿ ಎಳೆದು, ಆ ಹಗ್ಗವನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಆಗ ಅಳಿಸುವ ಯಂತ್ರ ಇರಲಿಲ್ಲ. ಹಳೇ ಫೈಟ್ ನೋಡಲು ರುಚಿ ಹೆಚ್ಚು ಎಂದು ನಮಗೆ ಅನ್ನಿಸುವುದು ಇದಕ್ಕೇ ಇರಬಹುದು. ಪ್ರಭಾಕರ್ ಬೇಡಿಕೆಯ ನಟರಾಗುವ ಮೊದಲು ಹೀಗೆ ಬೀಳುವ ಫೈಟರ್ ಆಗಿದ್ದವರು. ಥ್ರಿಲ್ಲರ್ ಮಂಜು ಕೂಡ ಅದೇ ದಾರಿಯಲ್ಲಿ ಬಂದವರು. ಅವರು ಹೊಡೆಯುವಾಗ ಎದುರಿನವನು ಎಲ್ಲಿ ಬೀಳುತ್ತಾನೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಪರದೆಯ ಮೇಲೆ ಅದು ಕಾಣುತ್ತದೆ ಎಂದು ನಮ್ಮ ನಂಬಿಕೆ.

ನಮ್ಮ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುವವನು ಶಿರಾ ಕಡೆಯ ಹುಡುಗ. ಎರಡು ವರ್ಷದ ಹಿಂದೆ ಪವರ್ ಪ್ರೆಸ್ಸಿಗೆ ಸಿಕ್ಕಿ ಅವನ ಬಲಗೈ ತೋರುಬೆರಳಿನ ಎರಡು ಗೆಣ್ಣು ಹೋಯಿತು. ಯಾವ ಫ್ಯಾಕ್ಟರಿ ಎಂದು ಬರೆಯುವುದಿಲ್ಲ, ಅವನು ಇನ್ನೂ ಅಲ್ಲೇ ಕೆಲಸಕ್ಕೆ ಹೋಗುತ್ತಾನೆ. ಒಮ್ಮೆ ಕೇಳಿದೆವು, ಇಷ್ಟು ನಗು ಎಲ್ಲಿಂದ ಬರುತ್ತದೆ ಮಾರಾಯ ಎಂದು.

'ಅಲ್ಲಿ ಬಿದ್ದೋನು ಸೀನ್ ಮುಗಿದ್ಮೇಲೆ ಎದ್ದು ಪ್ಯಾಂಟ್ ಒದರ್ಕೊಂಡು ಹೋಗ್ತಾನಲ್ಲಣ್ಣ, ಅದಕ್ಕೇ' ಎಂದ.

ಅವನ ಮಾತಿಗೆ ನಾವು ತಲೆಯಾಡಿಸಿದೆವು. ಆದರೆ ಮನಸ್ಸು ತಿಪ್ಪಗೊಂಡನಹಳ್ಳಿಗೆ ಹೋಯಿತು.

ಚಿಕ್ಕಬಾಣಾವರದಿಂದ ಹೆಸರಘಟ್ಟ ರಸ್ತೆ ಹಿಡಿದು ಹೋದರೆ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆ ಸಿಗುತ್ತದೆ. 1894ರಲ್ಲಿ ಬೆಂಗಳೂರಿಗೆ ನೀರು ಕೊಟ್ಟ ಕೆರೆ. ಆಮೇಲೆ ಅದರ ಒಣಗಿದ ಅಂಗಳ ಮತ್ತು ಪಕ್ಕದ ಹುಲ್ಲುಗಾವಲು ಸಿನಿಮಾದವರ ಶೂಟಿಂಗ್ ಜಾಗವಾಯಿತು. ಅದೇ ಅರ್ಕಾವತಿಯಲ್ಲಿ ಕೆಳಗೆ ಹೋದರೆ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ. 2016ರ ನವೆಂಬರ್ 7ರಂದು ಅಲ್ಲಿ 'ಮಾಸ್ತಿಗುಡಿ' ಚಿತ್ರದ ಕೊನೆಯ ಹೊಡೆದಾಟದ ಚಿತ್ರೀಕರಣ. ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಬೇಕಿತ್ತು. ದುನಿಯಾ ವಿಜಯ್, ಖಳ ಪಾತ್ರ ಮಾಡುತ್ತಿದ್ದ ಅನಿಲ್ ಮತ್ತು ಉದಯ್, ಮೂವರೂ ಹಾರಿದರು. ವಿಜಯ್ ದಡ ಸೇರಿದರು. ಅನಿಲ್ ಮತ್ತು ಉದಯ್ ಮುಳುಗಿದರು. ಈಜು ಸರಿಯಾಗಿ ಬರುವುದಿಲ್ಲ ಎಂದು ಹಾರುವುದಕ್ಕೆ ಮುಂಚೆ ಟಿವಿ ಕ್ಯಾಮೆರಾದ ಮುಂದೆಯೇ ಹೇಳಿಕೊಂಡಿದ್ದರು. ಶವಗಳಿಗಾಗಿ ದಿನಗಟ್ಟಲೆ ಹುಡುಕಬೇಕಾಯಿತು. ಚಿತ್ರತಂಡದವರ ಮೇಲೆ ಪೊಲೀಸ್ ಕೇಸಾಯಿತು. ಮುಂದಿನ ವರ್ಷ ಸಿನಿಮಾ ಬಿಡುಗಡೆಯೂ ಆಯಿತು.

ಆ ಮಧ್ಯಾಹ್ನ ಹಾರುವ ವಿಡಿಯೋ ನಮ್ಮ ಮೊಬೈಲಿಗೂ ಬಂತು. ಸುದ್ದಿ ಇನ್ನೂ ಖಚಿತವಾಗಿರಲಿಲ್ಲ. ಶೂಟಿಂಗ್ ತುಣುಕು ಇರಬೇಕು ಎಂದುಕೊಂಡು ನಾವು ಅದನ್ನು ಮೂರು ಗ್ರೂಪಿಗೆ ಕಳಿಸಿದೆವು, 'ಸಖತ್ ಜಂಪ್' ಎಂದು ಬರೆದು. ಅರ್ಧ ಗಂಟೆಯ ನಂತರ ನಿಜ ಗೊತ್ತಾಯಿತು. ಅಷ್ಟರಲ್ಲಿ ನಾವು ಕಳಿಸಿದ್ದು ಬೇರೆ ಗ್ರೂಪುಗಳಿಗೆ ಹೋಗಿ, ಅಲ್ಲಿಂದ ನಮಗೇ ವಾಪಸ್ ಬಂದಿತ್ತು, ನಮ್ಮದೇ ಎರಡು ಪದಗಳ ಜೊತೆ. ಸುದ್ದಿ ಬರೆಯುವುದೇ ಕಸುಬಾದವರು ಮಾಡಿದ ಕೆಲಸ ಇದು.

ಅದು ಕೊನೆಯೂ ಆಗಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಇನ್ನೊಂದು ಚಿತ್ರದ ಫೈಟ್ ತೆಗೆಯುವಾಗ ಹೈಟೆನ್ಷನ್ ತಂತಿಯ ವಿದ್ಯುತ್ ತಗುಲಿ ಒಬ್ಬ ಯುವ ಫೈಟರ್ ಸತ್ತ. ಅನಿಲ್, ಉದಯ್ ಪರದೆಯ ಮೇಲೆ ಮುಖ ಇದ್ದವರು, ಜನ ಗುರುತಿಸಿ ಅತ್ತರು. ಇವನ ಮುಖವನ್ನು ಎಷ್ಟು ಜನ ನೋಡಿದ್ದರೋ.

ಹಾಗೆಂದು ನಾವು ಈ ಸಿನಿಮಾ ನೋಡುವುದನ್ನು ಬಿಟ್ಟೆವೇ? ಇಲ್ಲ. ಊರೂ ಬಿಟ್ಟಿಲ್ಲ. 2018ರಲ್ಲಿ 'ಕೆಜಿಎಫ್' ಬಂದು ಎಪ್ಪತ್ತು, ಎಂಬತ್ತರ ದಶಕದ ಸಿಟ್ಟಿನ ಹೀರೋನನ್ನೇ ಹೊಸ ಮಸಿ ಮೆತ್ತಿ ನಿಲ್ಲಿಸಿದಾಗ ದೇಶವೇ ಸಿಳ್ಳೆ ಹಾಕಿತು. ಅದರ ಫೈಟುಗಳಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. 2019ರ 'ಬೆಲ್ ಬಾಟಂ' ನೋಡಿದಾಗ ಸಿಐಡಿ 999ರ ಕಾಲ ನೆನಪಾಗದವರಿಲ್ಲ. ಹಳೇದನ್ನು ಹೊಸದಾಗಿ ಮಾಡುವುದಕ್ಕೂ ಈಗ ಕೋಟಿಗಟ್ಟಲೆ ದುಡ್ಡು ಸುರಿಯುತ್ತಾರೆ. ನಮ್ಮ ರೂಮಿನವರಿಗೆ ಮಾತ್ರ ಒರಿಜಿನಲ್ಲೇ ಬೇಕು.

ಈಚೆಗೆ ಅಲ್ಲೊಂದು ಆಟ ಶುರುವಾಗಿದೆ. ಹಳೇ ಸಿನಿಮಾಗಳಲ್ಲಿ ಒಬ್ಬ ಫೈಟರ್ ಪದೇಪದೇ ಬರುತ್ತಾನೆ. ಒಂದೇ ಸಿನಿಮಾದಲ್ಲಿ ಗೋಡೌನ್ ಫೈಟಿನಲ್ಲಿ ಸತ್ತು, ಅಂಗಿ ಬದಲಿಸಿ ಕ್ಲೈಮ್ಯಾಕ್ಸಿನಲ್ಲಿ ಇನ್ನೊಮ್ಮೆ ಸಾಯುತ್ತಾನೆ. ಮೊದಲು ಕಂಡಾಗ ಕೆಂಪು ಅಂಗಿ ತೊಟ್ಟಿದ್ದನಾದ್ದರಿಂದ ನಮ್ಮಲ್ಲಿ ಅವನ ಹೆಸರು 'ಕೆಂಪು ಶರ್ಟು'. ಪ್ರತಿ ಭಾನುವಾರ ಅವನನ್ನು ಹುಡುಕುವುದು. ಮೊದಲು ಕಂಡವನಿಗೆ ಟೀ ಫ್ರೀ. ನೋಡನೋಡುತ್ತ ಅವನ ತಲೆಗೂದಲು ಕಡಿಮೆಯಾಗಿದೆ, ಹೊಟ್ಟೆ ಸ್ವಲ್ಪ ಬಂದಿದೆ. ಬೀಳುವುದರಲ್ಲಿ ಮಾತ್ರ ಏನೂ ಕಡಿಮೆಯಾಗಿಲ್ಲ.

ಅವನ ನಿಜವಾದ ಹೆಸರು ತಿಳಿಯಬೇಕು ಎಂದು ನಾವು ಟೈಟಲ್ ಕಾರ್ಡುಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿದೆವು. ಛಾಯಾಗ್ರಾಹಕರ ಹೆಸರಿದೆ, ಊಟದ ವ್ಯವಸ್ಥೆ ಮಾಡಿದವರ ಹೆಸರಿದೆ. 'ಸಾಹಸ' ಎಂಬಲ್ಲಿ ಮಾಸ್ಟರ್ ಹೆಸರು ಒಂದೇ ಇದೆ. ಹೋದ ವಾರ ಶಿರಾ ಹುಡುಗ ಒಂದು ಫೈಟಿನ ಮಧ್ಯೆ ಸಿನಿಮಾ ನಿಲ್ಲಿಸಿದ. ಕೆಂಪು ಶರ್ಟು ಗಾಳಿಯಲ್ಲಿದ್ದ, ಕಾಲು ಮೇಲೆ, ತಲೆ ಕೆಳಗೆ, ಕೆಳಗೆ ಮಡಕೆಗಳ ರಾಶಿ. ಹುಡುಗ ಎರಡು ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡಿದ, ಅವನ ಮುಖ ನೋಡಬೇಕೆಂದು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತ್ತು.

'ಇವ್ನು ಇದ್ದಾನಾ ಅಣ್ಣ ಈಗ?' ಎಂದು ಕೇಳಿದ.

ಗಾಂಧಿನಗರದಲ್ಲಿ ಪರಿಚಯದ ಒಬ್ಬ ಹಳೇ ಫೈಟರ್ ಇದ್ದಾರೆ, ಅವರಿಗೆ ಆ ಚಿತ್ರ ಕಳಿಸಿದ್ದೇವೆ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.