ಬಾಟಲಿಯ ವಯಸ್ಸು, ಬಾಟಲಿಯ ನೆರೆ: ಸಂಶೋಧನಾ ಪ್ರಯೋಗಾಲಯದಲ್ಲಿ ಅಪಾಯಕಾರಿ ರಾಸಾಯನಿಕಗಳ ಸಂಗ್ರಹ

ಪ್ರಯೋಗಾಲಯದ ಅವಘಡ ಎಂದಾಗ ಪ್ರಯೋಗ ನಡೆಯುತ್ತಿರುವಾಗ ಆಗುವ ಸ್ಫೋಟವೇ ಕಣ್ಣಮುಂದೆ ಬರುತ್ತದೆ. ಸುರಕ್ಷತಾ ತರಬೇತಿಯೂ ಕನ್ನಡಕ, ಕೈಗವಸು, ಏಪ್ರನ್‌ಗಳಿಗೇ ಹೆಚ್ಚು ಒತ್ತು ಕೊಡುತ್ತದೆ. ಅವು ಬೇಕೇ ಬೇಕು. ಆದರೆ ಯಾರೂ ಮುಟ್ಟದೆ ಕಪಾಟಿನಲ್ಲಿಟ್ಟ ಬಾಟಲಿಯೊಳಗೂ ರಾಸಾಯನಿಕ ಕ್ರಿಯೆ ನಡೆಯುತ್ತಿರಬಹುದು. ಬಾಟಲಿಯ ವಯಸ್ಸೆಷ್ಟು, ಅದರ ಪಕ್ಕದಲ್ಲಿ ಏನಿದೆ ಎಂಬ ಎರಡು ಸಂಗತಿಗಳನ್ನು ದಾಸ್ತಾನು ಪುಸ್ತಕದಲ್ಲಿ ದಾಖಲಿಸದೆ ಸಂಗ್ರಹ ಸುರಕ್ಷಿತವಾಗಲಾರದು ಎಂಬುದು ಈ ಲೇಖನದ ವಾದ.

ಡೈಈಥೈಲ್ ಈಥರನ್ನೇ ನೋಡೋಣ. ಮುಚ್ಚಳ ತೆರೆದ ಮೇಲೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅದು ನಿಧಾನವಾಗಿ ಪೆರಾಕ್ಸೈಡ್‌ಗಳನ್ನು ಉಂಟುಮಾಡುತ್ತದೆ. ಬೆಳಕು ಬಿದ್ದರೆ ಈ ಕ್ರಿಯೆಗೆ ವೇಗ ಹೆಚ್ಚು. ಪೆರಾಕ್ಸೈಡ್ ಈಥರ್‌ನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದ ಹಳೆಯ ಈಥರನ್ನು ಭಟ್ಟಿ ಇಳಿಸುವಾಗ ಅದು ಫ್ಲಾಸ್ಕಿನ ತಳದಲ್ಲಿ ಸಾಂದ್ರವಾಗುತ್ತ ಹೋಗಿ, ಪೂರ್ತಿ ಒಣಗುವ ಹೊತ್ತಿಗೆ ಸಿಡಿಯಬಹುದು. ಐಸೊಪ್ರೊಪೈಲ್ ಈಥರ್ ಇನ್ನೂ ಅಪಾಯಕಾರಿ. ಅದರ ಹಳೆಯ ಬಾಟಲಿಯ ಮುಚ್ಚಳದ ಸುತ್ತ ಬಿಳಿ ಹರಳುಗಳು ಕಂಡರೆ ತೆರೆಯಲೇ ಕೂಡದು, ಅಲುಗಿಸಲೂ ಕೂಡದು: ಮುಚ್ಚಳ ತಿರುಗಿಸುವ ಘರ್ಷಣೆಯೇ ಸ್ಫೋಟಕ್ಕೆ ಸಾಕಾಗಬಹುದು. ಸಾಮಾನ್ಯ ಸ್ಥಿತಿಯಲ್ಲಿರುವ ಈಥರ್‌ಗೆ ಪರೀಕ್ಷೆ ಸರಳ. ಆಮ್ಲೀಯ ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ಸ್ವಲ್ಪ ಈಥರ್ ಬೆರೆಸಿದಾಗ ಅಯೋಡಿನ್ ಬಿಡುಗಡೆಯಾಗಿ ಹಳದಿ ಅಥವಾ ಕಂದು ಬಣ್ಣ ಬಂದರೆ ಪೆರಾಕ್ಸೈಡ್ ಇದೆ ಎಂದರ್ಥ. ಆದರೆ ಬಾಟಲಿ ತೆರೆದು ಎಷ್ಟು ತಿಂಗಳಾಯಿತೆಂದು ತಿಳಿಯದಿದ್ದರೆ ಪರೀಕ್ಷಿಸಬೇಕೆಂಬ ಯೋಚನೆಯೇ ಬರುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಬಿಸಿಲಿನ ಸಮಸ್ಯೆಯೂ ಸೇರುತ್ತದೆ. ಈಥರ್‌ನ ಕುದಿಬಿಂದು 34.6 ಡಿಗ್ರಿ ಸೆಲ್ಸಿಯಸ್. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಮಧ್ಯಾಹ್ನದ ಉಷ್ಣಾಂಶ 40 ದಾಟುತ್ತದೆ. ಈಥರನ್ನು ಫ್ರಿಜ್ಜಿಗೆ ಸೇರಿಸುವ ಯೋಚನೆ ಸಹಜವಾಗಿಯೇ ಬರುತ್ತದೆ. ಆದರೆ ಮನೆಬಳಕೆಯ ಫ್ರಿಜ್ಜಿನ ಥರ್ಮೋಸ್ಟಾಟ್ ಮತ್ತು ದೀಪದ ಸ್ವಿಚ್ ಕಿಡಿ ಹಾರಿಸಬಲ್ಲವು. ಈಥರ್‌ನ ಆವಿ ಸೊನ್ನೆಗಿಂತ 45 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಮುಚ್ಚಳ ಸಡಿಲವಿದ್ದು ಒಳಗೆ ಆವಿ ತುಂಬಿದರೆ ಫ್ರಿಜ್ಜೇ ಸಿಡಿಯುತ್ತದೆ. ಇಲ್ಲಿ ಬೇಕಾದದ್ದು ಒಳಗೆ ಕಿಡಿ ಹುಟ್ಟದಂತೆ ರಚಿಸಿದ ಫ್ರಿಜ್. ಜೊತೆಗೆ, ತಂಪಿನಲ್ಲಿಟ್ಟ ಮಾತ್ರಕ್ಕೆ ಪೆರಾಕ್ಸೈಡ್ ಉಂಟಾಗುವುದು ನಿಲ್ಲುವುದಿಲ್ಲ.

ಇನ್ನು ನೆರೆಯ ವಿಚಾರ. ಹುಡುಕಲು ಸುಲಭವೆಂದು ಎಷ್ಟೋ ಕಡೆ ಬಾಟಲಿಗಳನ್ನು ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಿಸುತ್ತಾರೆ. ಆಗ ನೈಟ್ರಿಕ್ ಆಮ್ಲದ ಮಗ್ಗುಲಲ್ಲಿ ನೈಟ್ರೊಬೆಂಜೀನ್ ಬರುತ್ತದೆ. ಅವೆರಡರ ಮಿಶ್ರಣ ಸ್ಫೋಟಕ. ಸೋಡಿಯಂ ಸಯನೈಡ್ ಮತ್ತು ಸಲ್ಫ್ಯೂರಿಕ್ ಆಮ್ಲ ಒಂದೇ ಅಕ್ಷರದಡಿ ಸೇರುತ್ತವೆ. ಎರಡೂ ಒಡೆದು ಬೆರೆತರೆ ಹೈಡ್ರೊಜನ್ ಸಯನೈಡ್ ಎಂಬ ಮಾರಕ ಅನಿಲ ಹೊಮ್ಮುತ್ತದೆ. 'ಆಮ್ಲಗಳೆಲ್ಲ ಒಂದೇ ಕಪಾಟಿಗೆ' ಎಂಬ ಸೂತ್ರವೂ ಸಾಲದು. ಗ್ಲೇಶಿಯಲ್ ಅಸಿಟಿಕ್ ಆಮ್ಲದ ಆವಿ ಸುಮಾರು 39 ಡಿಗ್ರಿಯಲ್ಲಿ ಹೊತ್ತಿಕೊಳ್ಳಬಲ್ಲದು, ನೈಟ್ರಿಕ್ ಆಮ್ಲ ಪ್ರಬಲ ಉತ್ಕರ್ಷಕ, ಇವನ್ನು ಜೊತೆಗಿಡಬಾರದು. ತ್ಯಾಜ್ಯದ ಬಾಟಲಿಗೂ ಇದೇ ಮಾತು ಅನ್ವಯಿಸುತ್ತದೆ. ಅಸಿಟೋನ್ ಅಥವಾ ಆಲ್ಕೋಹಾಲ್ ಇದ್ದ ಬಾಟಲಿಗೆ ನೈಟ್ರಿಕ್ ಆಮ್ಲ ಸುರಿದು ಮುಚ್ಚಳ ಬಿಗಿದರೆ ಒಳಗೆ ಅನಿಲದ ಒತ್ತಡ ಏರುತ್ತ ಹೋಗಿ, ಸುರಿದವರು ಮನೆಗೆ ಹೋದ ಮೇಲೂ ಅದು ಒಡೆಯಬಹುದು.

ಬಳಕೆಯ ಹಂತದಲ್ಲೂ ಪದಾರ್ಥದ ಸ್ವಭಾವ ತಿಳಿಯದಿದ್ದರೆ ರಕ್ಷಣಾ ಸಾಧನ ಕೈಕೊಡುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ 1996ರ ಆಗಸ್ಟ್‌ನಲ್ಲಿ ಫ್ಯೂಮ್ ಹುಡ್‌ನೊಳಗೆ, ಲೇಟೆಕ್ಸ್ ಕೈಗವಸು ತೊಟ್ಟೇ ಕೆಲಸ ಮಾಡುತ್ತಿದ್ದರು. ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿದ್ದವು. ಆ ದ್ರವ ಅಂಥ ಕೈಗವಸನ್ನು 15 ಸೆಕೆಂಡಿನೊಳಗೇ ದಾಟಬಲ್ಲದೆಂದು ಆಮೇಲೆ ನಡೆದ ಪರೀಕ್ಷೆ ತೋರಿಸಿತು. 1997ರ ಜೂನ್ 8ರಂದು ಅವರು ತೀರಿಕೊಂಡರು.

ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಜಾರಿಯಾದವು. ಅವುಗಳ ಮುಖ್ಯ ದೃಷ್ಟಿ ಕಾರ್ಖಾನೆಗಳ ದೊಡ್ಡ ದಾಸ್ತಾನಿನ ಮೇಲೆ. ಅರ್ಧ ಲೀಟರಿನ ಬಾಟಲಿಯ ಹೊಣೆಯನ್ನು ವಿಭಾಗಗಳೇ ಹೊರಬೇಕು. ತರಿಸಿದ ದಿನ, ತೆರೆದ ದಿನ ಎರಡನ್ನೂ ಲೇಬಲ್ಲಿನ ಮೇಲೆ ಬರೆಯಬೇಕು. ಅಕಾರಾದಿ ಬಿಟ್ಟು ಅಪಾಯದ ವರ್ಗಕ್ಕೆ ತಕ್ಕಂತೆ ಬೇರೆ ಬೇರೆ ಕಪಾಟುಗಳಲ್ಲಿ ಜೋಡಿಸಬೇಕು. ಸಂಶೋಧನಾ ವಿದ್ಯಾರ್ಥಿ ಹೊರಟುಹೋದ ಮೇಲೆ ಅವರ ಬಾಟಲಿಗಳಿಗೆ ವಾರಸುದಾರರೇ ಇರುವುದಿಲ್ಲ, ಒಳಗೇನಿದೆ ಎಂದು ಹೇಳುವವರೂ ಇರುವುದಿಲ್ಲ. ಗ್ರಂಥಾಲಯದ ಪುಸ್ತಕ ಮರಳಿಸದವರಿಗೆ ನೋ ಡ್ಯೂ ಪ್ರಮಾಣಪತ್ರ ಕೊಡದ ವಿಶ್ವವಿದ್ಯಾಲಯಗಳು, ಬಾಟಲಿಗಳನ್ನು ಪಟ್ಟಿಮಾಡಿ ವಿಭಾಗಕ್ಕೆ ಒಪ್ಪಿಸುವುದನ್ನೂ ಅದೇ ಪತ್ರದ ಷರತ್ತಾಗಿ ಸೇರಿಸಬೇಕು.