ಬ್ರಿಸ್ಟಲ್ ನಗರದ ಗೋಡೆಯ ಚಿತ್ರಗಳು

ಗೋಡೆಯಿದ್ದರಲ್ಲವೆ ಚಿತ್ರ ಎಂದು ಶಾಸ್ತ್ರಕಾರರು ಹೇಳುವರು. ಆ ಗೋಡೆ ಯಾರದೆಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವಿವಾದಕ್ಕೆ ಕಾರಣವಾದುದು ಆ ಪ್ರಶ್ನೆಯೇ.

1980ರ ದಶಕದಲ್ಲಿ ಅಲ್ಲಿಯ ತರುಣರು, ನ್ಯೂಯಾರ್ಕಿನ ಮಾದರಿಯನ್ನು ಕಂಡು, ಡಬ್ಬಿಯಿಂದ ಬಣ್ಣವನ್ನು ಚಿಮ್ಮಿಸಿ ಗೋಡೆಗಳ ಮೇಲೆ ಹೆಸರುಗಳನ್ನೂ ಚಿತ್ರಗಳನ್ನೂ ಬರೆಯತೊಡಗಿದರು. ಬಾರ್ಟನ್ ಹಿಲ್ ಎಂಬ ಕೇರಿಯ ಯುವಕ ಸಂಘದ ಗೋಡೆಗಳು ಅವರಿಗೆ ಪಾಠಶಾಲೆಯಂತಾದುವು. 1989ರಲ್ಲಿ ಪೊಲೀಸರು ಹಲವರನ್ನು ಹಿಡಿದರು. ಪರರ ಸ್ವತ್ತನ್ನು ಕೆಡಿಸುವುದು 1971ರ ಶಾಸನದಂತೆ ಅಪರಾಧವಷ್ಟೆ. ಕನ್ನಡದಲ್ಲಿ ಕಲೆಯೆಂಬ ಶಬ್ದಕ್ಕೆ ಎರಡರ್ಥಗಳುಂಟು; ಆಂಗ್ಲರ ಕಾನೂನು ಕೊಳೆಯೆಂಬರ್ಥವನ್ನೇ ಹಿಡಿಯಿತು.

ಬಳಿಕ ಪ್ರಸಿದ್ಧನಾದವನು ಬ್ಯಾಂಕ್ಸಿ ಎಂಬ ಕಲ್ಪಿತನಾಮದ ಚಿತ್ರಕಾರ. ಆಕೃತಿಯನ್ನು ಮೊದಲೇ ಕತ್ತರಿಸಿಟ್ಟ ರಟ್ಟನ್ನು ಗೋಡೆಗೊತ್ತಿ ಬಣ್ಣವೆರಚುವುದು ಇವನ ಕ್ರಮ. ಕೆಲಸ ಬೇಗ ಮುಗಿಯುವುದು. ಕಾವಲಿನವರು ಬರುವುದರೊಳಗೆ ಮರೆಯಾಗಬಹುದು! 2006ರಲ್ಲಿ ಇವನು ಪಾರ್ಕ್ ಸ್ಟ್ರೀಟಿನ ಬಳಿಯ ಗೋಡೆಯೊಂದರ ಮೇಲೆ, ಗಂಡನಿಗೆ ಹೆದರಿ ಕಿಟಕಿಯಿಂದ ಬೆತ್ತಲೆಯಾಗಿ ಜೋತುಬಿದ್ದ ಜಾರನನ್ನು ಚಿತ್ರಿಸಿದನು. ವಿಷಯವು ಸಭ್ಯವಾದುದಲ್ಲ. ಆದರೂ ನಗರಸಭೆಯು ಅದನ್ನು ಅಳಿಸಿಹಾಕದೆ ಪೌರರ ಅಭಿಪ್ರಾಯವನ್ನು ಕೇಳಿತು. ಉತ್ತರವಿತ್ತವರಲ್ಲಿ ನೂರಕ್ಕೆ 97 ಮಂದಿ ಚಿತ್ರವು ಉಳಿಯಲೆಂದರು; ಉಳಿಯಿತು. ಒಡೆಯನ ಅಪ್ಪಣೆಯಿಲ್ಲದೆ ಬರೆದುದಕ್ಕೆ ಊರಿನ ಒಪ್ಪಿಗೆಯು ಹಿಂದಿನಿಂದ ದೊರೆತುದು ವಿಚಿತ್ರವೇ ಸರಿ.

2009ರ ಬೇಸಗೆಯಲ್ಲಿ ನಗರದ ವಸ್ತುಸಂಗ್ರಹಾಲಯವೇ ಅವನ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. 3,00,000ಕ್ಕೂ ಮಿಕ್ಕ ಜನರು ನೋಡಿದರು. ಅದೇ ವರ್ಷ ಯಾರೋ ಆ ಜಾರನ ಚಿತ್ರದ ಮೇಲೆ ನೀಲಿ ಬಣ್ಣದ ಗುಂಡುಗಳನ್ನು ಹೊಡೆದರು. ಇದನ್ನು ಮಾತ್ರ ಪತ್ರಿಕೆಗಳು ಪುಂಡಾಟವೆಂದು ಬರೆದುವು.